ಯೂನಿವರ್ಸಿಟಿ ಗುತ್ತಿಗೆಗೆ ಒಂದು ಹಾಳೆಯ ಅಫಿಡವಿಟ್: ಜಾರ್ಜಿಯಾದ ಇ-ವೆರಿಫೈ ದಾರಿ

ಅಮೆರಿಕದ ಜಾರ್ಜಿಯಾ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳ ಬಿಡ್ ಕಾಗದಗಳನ್ನು ಬಿಚ್ಚಿದರೆ ಇನ್ಶೂರೆನ್ಸು, ಬಾಂಡು, ದರಪಟ್ಟಿಗಳ ನಡುವೆ ಒಂದೇ ಹಾಳೆಯ ಅಫಿಡವಿಟ್ ಸಿಗುತ್ತದೆ. ಹೊಸ ನೌಕರರಿಗೆ ಅಮೆರಿಕದಲ್ಲಿ ಕೆಲಸದ ಹಕ್ಕಿದೆಯೇ ಎಂದು ಪರೀಕ್ಷಿಸುವ ಇ-ವೆರಿಫೈ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಿಮ್ಮ ಕಂಪನಿ ನೋಂದಾಯಿಸಿದೆ ಎಂದು ಆಣೆ ಮಾಡಿ ಹೇಳುವ ಹಾಳೆ ಅದು. ಮೇಲ್ಭಾಗದಲ್ಲಿ ತುಂಬಬೇಕಾದ ಜಾಗ ಐದು, ಕೆಳಗೆ ಸಹಿ, ಅದರಡಿ ನೋಟರಿಯ ಮುದ್ರೆ. ನಿಮ್ಮ ದರ ಎಷ್ಟೇ ಕಡಿಮೆ ಇರಲಿ, ಈ ಹಾಳೆ ಜೊತೆಗಿಲ್ಲದ ಬಿಡ್ಡನ್ನು ಪರಿಗಣಿಸಲು ಕಾನೂನೇ ಬಿಡುವುದಿಲ್ಲ. ಆದರೂ ಹೆಚ್ಚಿನವರು ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು ಮುಗಿಸಬೇಕಾದ ಕಾಗದ ಇದು. ಅದರಲ್ಲಿ ಬರೆಯುವ ಒಂದು ದಿನಾಂಕ ಇನ್ನೊಂದಕ್ಕಿಂತ ಹಿಂದಿನದಾಗಿರಬೇಕು. ಹಿಂದಿನ ದಿನಾಂಕವನ್ನು ಇವತ್ತು ಕೂತು ಹುಟ್ಟಿಸಲು ಆಗುವುದಿಲ್ಲ.

ಇದರ ಮೂಲ 2006ರಲ್ಲಿ ರಾಜ್ಯ ತಂದ ಕಾಯ್ದೆ. 2007ರ ಜುಲೈ 1ರಿಂದ 500 ಅಥವಾ ಹೆಚ್ಚು ನೌಕರರಿದ್ದ ಗುತ್ತಿಗೆದಾರರಿಗೆ, ಮರುವರ್ಷ 100 ಅಥವಾ ಹೆಚ್ಚು ಇದ್ದವರಿಗೆ, 2009ರ ಜುಲೈ 1ರಿಂದ ಎಲ್ಲರಿಗೂ ಅನ್ವಯವಾಯಿತು. 2011 ಮತ್ತು 2013ರಲ್ಲಿ ತಿದ್ದುಪಡಿಗಳು ಬಂದವು. ಜಾರ್ಜಿಯಾ ಕೋಡ್‌ನಲ್ಲಿ ಇದರ ಸೆಕ್ಷನ್ ಸಂಖ್ಯೆ 13-10-91. ಬಿಡ್ ಕಾಗದಗಳಲ್ಲಿ ಈ ಸಂಖ್ಯೆ ಕಂಡರೆ ಮಾತು ಇದೇ ಅಫಿಡವಿಟ್ಟಿನದು ಎಂದು ತಿಳಿಯಬೇಕು.

ಯಾರಿಗೆ ಬೇಕು ಎಂಬಲ್ಲೇ ಮೊದಲ ಎಡವಟ್ಟು. ಕಾನೂನು ಬಳಸುವ ಪದದ ನೇರ ಅರ್ಥ "ಸೇವೆಯ ಭೌತಿಕ ನಿರ್ವಹಣೆ". ಅದನ್ನು ಓದಿದವರು ಗಾರೆ ಕೆಲಸ, ಹುಲ್ಲು ಕತ್ತರಿಸುವುದು, ನೆಲ ಒರೆಸುವುದು ಎಂದುಕೊಳ್ಳುತ್ತಾರೆ. 2013ರ ನಂತರದ ವ್ಯಾಖ್ಯೆಯಲ್ಲಿ ಬಿಡ್ ಮೂಲಕವೋ ಕರಾರಿನ ಮೂಲಕವೋ ಮಾಡುವ ಯಾವುದೇ ದುಡಿಮೆ, ಯಾವುದೇ ಸೇವೆ ಸೇರುತ್ತದೆ, ಮೊತ್ತ 2,499.99 ಡಾಲರ್ ದಾಟಿದರೆ ಸಾಕು. ಜಾರ್ಜಿಯಾದ ಆಲ್ಫರೆಟ್ಟಾ ಊರಿನ ಆಫೀಸಿನಲ್ಲಿ ಕೂತು ಯೂನಿವರ್ಸಿಟಿಗೆ ಸಾಫ್ಟ್‌ವೇರ್ ಬರೆದುಕೊಡುವ ನಾಲ್ಕು ಜನರ ಕನ್ಸಲ್ಟಿಂಗ್ ಕಂಪನಿಯೂ ಅದರೊಳಗೇ ಬಂತು. ಬರೀ ಸಾಮಾನು ಮಾರಿದರೆ ಬೇಡ. ಸಾಮಾನು ತಂದು ಜೋಡಿಸಿ, ಕೂರಿಸಿ ಕೊಡುವುದಾದರೆ ಸೇವೆಯ ಮಾತು ಬರುತ್ತದೆ.

"ನಮ್ಮಲ್ಲಿ ಹತ್ತು ಜನವೂ ಇಲ್ಲ, ನಮಗೆ ಬೇಡ" ಎನ್ನುವುದು ಎರಡನೆಯ ತಪ್ಪು. ಹತ್ತಕ್ಕಿಂತ ಹೆಚ್ಚು ನೌಕರರು ಎಂಬ ಮಿತಿ ಇರುವುದು ಖಾಸಗಿ ಕಂಪನಿಗಳು ನಗರ, ಕೌಂಟಿಗಳಿಂದ ವ್ಯಾಪಾರ ಪರವಾನಗಿ ಪಡೆಯುವಾಗ, ಬೇರೆ ಸೆಕ್ಷನ್ನಿನಲ್ಲಿ. ಸಾರ್ವಜನಿಕ ಸಂಸ್ಥೆಯ ಗುತ್ತಿಗೆಗೆ ಆ ಮಿತಿ ಇಲ್ಲ. ಒಬ್ಬನೇ ನೌಕರನಿದ್ದರೂ ಅಫಿಡವಿಟ್ ಬೇಕು.

ನೌಕರರೇ ಇಲ್ಲದೆ, ಈ ಕೆಲಸಕ್ಕೆ ಯಾರನ್ನೂ ತೆಗೆದುಕೊಳ್ಳುವ ಉದ್ದೇಶವೂ ಇಲ್ಲದೆ ಒಬ್ಬರೇ ದುಡಿಯುವವರಿಗೆ ದಾರಿ ಬೇರೆ. ಅಫಿಡವಿಟ್ ಬದಲು ಡ್ರೈವಿಂಗ್ ಲೈಸೆನ್ಸಿನ ಅಥವಾ ರಾಜ್ಯದ ಗುರುತಿನ ಚೀಟಿಯ ಪ್ರತಿ ಕೊಡುತ್ತಾರೆ. ಆದರೆ ಆ ಲೈಸೆನ್ಸ್ ಕೊಡುವ ಮೊದಲು ವಲಸೆ ಸ್ಥಿತಿಯನ್ನು ಪರೀಕ್ಷಿಸುವ ರಾಜ್ಯದ್ದಾಗಿರಬೇಕು. ಅಂಥ ರಾಜ್ಯಗಳ ಪಟ್ಟಿಯನ್ನು ಜಾರ್ಜಿಯಾದ ಅಟಾರ್ನಿ ಜನರಲ್ ಕಚೇರಿ ಇಟ್ಟಿರುತ್ತದೆ. ಬೇರೆ ರಾಜ್ಯದಿಂದ ಈಚೆಗೆ ಬಂದು ಹಳೆಯ ಲೈಸೆನ್ಸನ್ನೇ ಇಟ್ಟುಕೊಂಡವರು ಅದನ್ನು ಮೊದಲು ನೋಡಿಕೊಳ್ಳಬೇಕು. ಕೆಲಸದ ನಡುವೆ ಸಹಾಯಕ್ಕೆ ಒಬ್ಬರನ್ನು ಸೇರಿಸಿಕೊಳ್ಳುವುದಾದರೆ, ಸೇರಿಸಿಕೊಳ್ಳುವ ಮೊದಲೇ ಇ-ವೆರಿಫೈ ನೋಂದಣಿ, ಅಫಿಡವಿಟ್ ಎರಡೂ ಆಗಿರಬೇಕು. ರಾಜ್ಯದ ವೃತ್ತಿ ಲೈಸೆನ್ಸ್ ಇರುವ ವ್ಯಕ್ತಿ, ಉದಾಹರಣೆಗೆ ಎಂಜಿನಿಯರ್ ಅಥವಾ ವಕೀಲರು, ಸ್ವತಃ ತಾವೇ ಸೇವೆ ಕೊಡುವ ಕರಾರಿಗೆ ವಿನಾಯಿತಿ ಇದೆ. ಅದು ಆ ವ್ಯಕ್ತಿಗೆ ಮಾತ್ರ. ಅವರ ಕಂಪನಿ ಹತ್ತು ಜನರನ್ನು ಕಳಿಸಿದರೆ ಆ ವಿನಾಯಿತಿ ಹಿಂದೆ ಬರುವುದಿಲ್ಲ.

ಈಗ ನೋಂದಣಿ. ಇ-ವೆರಿಫೈ ಅಮೆರಿಕದ ಕೇಂದ್ರ ಸರ್ಕಾರದ್ದು. ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಇಲಾಖೆಯೂ ಸೋಶಿಯಲ್ ಸೆಕ್ಯೂರಿಟಿ ಆಡಳಿತವೂ ಸೇರಿ ನಡೆಸುತ್ತವೆ. ಶುಲ್ಕ ಇಲ್ಲ. ಕಂಪನಿಯ ಕಾನೂನುಬದ್ಧ ಹೆಸರು, ವಿಳಾಸ, ಕೇಂದ್ರದ ತೆರಿಗೆ ಸಂಖ್ಯೆ, ಉದ್ಯಮದ ವರ್ಗ ಸಂಖ್ಯೆ, ನೌಕರರು ಎಷ್ಟು, ಯಾವ ರಾಜ್ಯದಲ್ಲಿ ಎಷ್ಟು ಕಡೆ ನೇಮಕ ನಡೆಯುತ್ತದೆ, ಇಷ್ಟನ್ನು ಕೇಳುತ್ತದೆ. ಹೆಸರನ್ನು ಕಂಪನಿಗಳನ್ನು ನೋಂದಾಯಿಸುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ದಾಖಲೆಯಲ್ಲಿ ಇರುವಂತೆಯೇ, ಕೊನೆಯ "ಎಲ್‌ಎಲ್‌ಸಿ" ಸಹಿತ ಹಾಕಿ. ಬೋರ್ಡಿನ ಮೇಲಿನ ವ್ಯಾಪಾರದ ಹೆಸರು ಹಾಕಿದವರಿಗೆ ಮುಂದೆ ಬಿಡ್, ಅಫಿಡವಿಟ್, ಒಪ್ಪಂದ ಮೂರರಲ್ಲೂ ಮೂರು ಹೆಸರಾಗಿ ಖರೀದಿ ವಿಭಾಗದಿಂದ ಕಾಗದ ವಾಪಸ್ ಬರುತ್ತದೆ.

ಕಂಪನಿಯ ವರ್ಗ ಕೇಳುವಲ್ಲಿ ಕೇಂದ್ರ ಸರ್ಕಾರದ ಗುತ್ತಿಗೆದಾರ ಎಂಬ ಆಯ್ಕೆ ಇದೆ. ರಾಜ್ಯದ ಯೂನಿವರ್ಸಿಟಿಗೆ ಕೆಲಸ ಮಾಡುವವರು ಸರ್ಕಾರ ಎಂಬ ಮಾತು ನೋಡಿ ಅದನ್ನು ಒತ್ತಬಾರದು. ಅದು ಕೇಂದ್ರದ ಖರೀದಿ ನಿಯಮದ ಇ-ವೆರಿಫೈ ಷರತ್ತು ಕರಾರಿನಲ್ಲಿ ಇರುವವರಿಗೆ. ಅವರು ಕರಾರಿಗೆ ಹಾಕಿದ ಹಳೆಯ ನೌಕರರನ್ನೂ ಪರೀಕ್ಷಿಸಬೇಕು. ರಾಜ್ಯದ ಕಾನೂನಿನಡಿ ಇರುವವರು ಹಾಗೆ ಮಾಡುವಂತಿಲ್ಲ. ನೋಂದಣಿಯ ನಂತರ ಸೇರಿದ ಹೊಸ ನೌಕರರನ್ನು ಮಾತ್ರ, ಎಲ್ಲರನ್ನೂ, ಒಬ್ಬರನ್ನೂ ಬಿಡದೆ ಪರೀಕ್ಷಿಸಬೇಕು. ಯೂನಿವರ್ಸಿಟಿ ಕೆಲಸಕ್ಕೆ ಹಾಕಿದವರನ್ನಷ್ಟೇ ಮಾಡಿ ಉಳಿದವರನ್ನು ಬಿಡುವುದು ತಪ್ಪು.

ನೋಂದಣಿಯ ಕೊನೆಗೆ ಎಂಒಯು ಎಂಬ ಒಡಂಬಡಿಕೆಗೆ ಎಲೆಕ್ಟ್ರಾನಿಕ್ ಸಹಿ. ಆಮೇಲೆ ಕಂಪನಿಯಲ್ಲಿ ಇ-ವೆರಿಫೈ ನೋಡಿಕೊಳ್ಳುವ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆದವರು ಪಾಠ ಓದಿ ಪರೀಕ್ಷೆಯಲ್ಲಿ ಶೇ. 70 ಅಂಕ ತೆಗೆಯಬೇಕು. ಅಲ್ಲಿಯವರೆಗೆ ಒಂದು ಕೇಸನ್ನೂ, ಅಂದರೆ ಒಬ್ಬ ನೌಕರರ ಪರೀಕ್ಷೆಯನ್ನೂ, ತೆರೆಯಲು ಆಗದು. ಇಲ್ಲಿ ನಿಲ್ಲಬೇಡಿ. ಎಂಒಯು ಮುದ್ರಿಸಿ ಎದುರಿಗಿಟ್ಟುಕೊಳ್ಳಿ. ಅಫಿಡವಿಟ್ಟಿನ ಮೊದಲ ಎರಡು ಜಾಗಕ್ಕೆ ಉತ್ತರ ಇರುವುದು ಅದರಲ್ಲೇ.

ಮೊದಲ ಜಾಗ, ಬಳಕೆದಾರರ ಗುರುತಿನ ಸಂಖ್ಯೆ. ವಾಪಸ್ ಬರುವ ಅಫಿಡವಿಟ್‌ಗಳಲ್ಲಿ ಹೆಚ್ಚಿನವು ಇಲ್ಲೇ ಕೆಡುತ್ತವೆ. ಬೇಕಾದ ಸಂಖ್ಯೆ ಎಂಒಯುವಿನ ಮೊದಲ ಪುಟದ ಮೇಲ್ಭಾಗದಲ್ಲಿ, ಇ-ವೆರಿಫೈ ಲಾಂಛನದ ಹತ್ತಿರ, ಕಂಪನಿ ಐಡಿ ಎಂದು ಅಚ್ಚಾಗಿರುತ್ತದೆ. ಬರೀ ಅಂಕಿಗಳು, ಒಟ್ಟು ನಾಲ್ಕರಿಂದ ಏಳು ಅಂಕಿ. ಜನ ಅಲ್ಲಿ ಬರೆದು ಕಳಿಸುವುದು ಎರಡಂಕಿ, ಅಡ್ಡಗೆರೆ, ಏಳಂಕಿಯ ತೆರಿಗೆ ಸಂಖ್ಯೆ. ಇಲ್ಲವೇ ಅಕ್ಷರ ಅಂಕಿ ಬೆರೆತ ತಮ್ಮ ಲಾಗಿನ್ ಹೆಸರು. ಜಾಗದ ಮೇಲೆ "ಬಳಕೆದಾರ" ಎಂದಿರುವುದರಿಂದ ಲಾಗಿನ್ ಹೆಸರೇ ಎಂದುಕೊಳ್ಳುವುದು ಸಹಜ. ಸಂಖ್ಯೆಯಲ್ಲಿ ಒಂದಾದರೂ ಇಂಗ್ಲಿಷ್ ಅಕ್ಷರ ಕಂಡರೆ ಅದು ತಪ್ಪು ಎಂದೇ ತಿಳಿದು ಎಂಒಯುವಿಗೆ ಮರಳಿ.

ಪೇರೋಲ್ ಕಂಪನಿಯೊಂದು ನಿಮ್ಮ ಪರವಾಗಿ ಇ-ವೆರಿಫೈ ಮಾಡುತ್ತಿದ್ದರೆ ಇನ್ನೊಂದು ಗೊಂದಲ. ಅಂಥ ಏಜೆಂಟರಿಗೂ ಒಂದು ಸಂಖ್ಯೆ ಇದೆ, ಅವರ ಗಿರಾಕಿಯಾದ ನಿಮಗೂ ಬೇರೆ ಸಂಖ್ಯೆ ಇದೆ. ಒಡಂಬಡಿಕೆ ಇಲಾಖೆ, ಏಜೆಂಟ್, ನೀವು ಮೂವರ ನಡುವಿನದು. ಅಫಿಡವಿಟ್ಟಿಗೆ ಬೇಕಾದ್ದು ನಿಮ್ಮದು. ಕೇಳಿದ ಕೂಡಲೇ ಅವರು ತಮ್ಮ ಸಂಖ್ಯೆಯನ್ನೇ ಕಳಿಸಿಬಿಡುವುದುಂಟು, ಆದ್ದರಿಂದ ಸಂಖ್ಯೆ ಕೇಳದೆ ಎಂಒಯುವಿನ ಪ್ರತಿಯನ್ನೇ ಕೇಳಿ ತರಿಸಿಕೊಳ್ಳಿ.

ಎರಡನೆಯ ಜಾಗ, ಅಧಿಕಾರ ಸಿಕ್ಕ ದಿನಾಂಕ. ಎಂಒಯುವಿನ ಸಹಿ ಪುಟದಲ್ಲಿ ಎರಡು ದಿನಾಂಕ ಇರುತ್ತವೆ: ಮೇಲೆ ನಿಮ್ಮದು, ಕೆಳಗೆ ಹೋಮ್‌ಲ್ಯಾಂಡ್ ಸೆಕ್ಯೂರಿಟಿಯ ಪರಿಶೀಲನಾ ವಿಭಾಗದ್ದು. ಕೆಳಗಿನದನ್ನು ಬರೆಯಬೇಕು. ಅಫಿಡವಿಟ್ಟಿಗೆ ಸಹಿ ಹಾಕಿದ ದಿನ, ಬಿಡ್ ಕೊಟ್ಟ ದಿನ ಎರಡೂ ಅದರ ನಂತರದವಾಗಿರಬೇಕು. ಯಾಕೆಂದರೆ ನೀವು ಆಣೆ ಮಾಡಿ ಹೇಳುತ್ತಿರುವ ಮಾತು "ನೋಂದಾಯಿಸಿದ್ದೇನೆ, ಅಧಿಕಾರ ಇದೆ, ಬಳಸುತ್ತಿದ್ದೇನೆ" ಎಂದು. ಶುಕ್ರವಾರ ಮಧ್ಯಾಹ್ನ ಬಿಡ್ ಮುಚ್ಚುವುದೆಂದು ಗುರುವಾರ ರಾತ್ರಿ ನೋಂದಣಿಗೆ ಕೂತರೆ ಈ ಸಾಲು ಸುಳ್ಳಾಗುವ ಅಪಾಯ ಇದೆ. ಬಿಡ್ಡಿನ ಯೋಚನೆ ಬಂದ ವಾರವೇ ನೋಂದಣಿ ಮುಗಿಸಿಡಿ. ಗುತ್ತಿಗೆ ಸಿಗದೆ ಹೋದರೂ ಸಂಖ್ಯೆ ಕಂಪನಿಯದೇ, ಮುಂದಿನ ಬಿಡ್ಡಿಗೆ ಅದೇ ನಡೆಯುತ್ತದೆ.

ಉಳಿದ ಮೂರು ಜಾಗ: ಗುತ್ತಿಗೆದಾರನ ಹೆಸರು, ಯೋಜನೆಯ ಹೆಸರು, ಸಾರ್ವಜನಿಕ ಸಂಸ್ಥೆಯ ಹೆಸರು. ಜಾರ್ಜಿಯಾದ ಸರ್ಕಾರಿ ಯೂನಿವರ್ಸಿಟಿಗಳು ಬೋರ್ಡ್ ಆಫ್ ರೀಜೆಂಟ್ಸ್ ಎಂಬ ಆಡಳಿತ ಮಂಡಳಿಯ ಅಡಿಯಲ್ಲಿ ಬರುತ್ತವೆ. ಅನೇಕ ಕರಾರುಗಳು ಬೋರ್ಡಿನ ಹೆಸರಿನಲ್ಲೇ ಇರುತ್ತವೆ. ಬಿಡ್ ಕಾಗದದಲ್ಲಿ ಹೇಗಿದೆಯೋ ಹಾಗೆ, ಬಿಡ್ ಸಂಖ್ಯೆಯೂ ಸೇರಿ, ನೋಡಿ ಬರೆಯಿರಿ. ಅಫಿಡವಿಟ್ ಆ ಒಂದು ಕೆಲಸಕ್ಕೆ ಸೇರಿದ್ದು. ಕಳೆದ ವರ್ಷ ಬೇರೆ ಕಟ್ಟಡಕ್ಕೆ ಕೊಟ್ಟಿದ್ದರ ಜೆರಾಕ್ಸ್ ಈ ವರ್ಷಕ್ಕೆ ಆಗುವುದಿಲ್ಲ.

ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ನೋಟರಿ ಹತ್ತಿರ ಹೋಗಬೇಡಿ. ಗುರುತಿನ ಚೀಟಿ ತೋರಿಸಿ, ಅವರ ಕಣ್ಣೆದುರು ಹಾಕಬೇಕು. ಹಾಳೆಯಲ್ಲಿ ಎರಡು ಕಡೆ ದಿನಾಂಕ ಬರುತ್ತದೆ, ನೀವು ಸಹಿ ಮಾಡಿದ ದಿನ ಮತ್ತು ನೋಟರಿ ಪ್ರಮಾಣ ಮಾಡಿಸಿದ ದಿನ. ಎರಡೂ ಒಂದೇ ಇರಬೇಕು. ಸಹಿ ಮಾಡಿದ ಊರು, ರಾಜ್ಯ ಖಾಲಿ ಬಿಡುವವರು ಬಹಳ. ನೋಟರಿಯ ಅವಧಿ ಮುಗಿಯುವ ದಿನವನ್ನೂ ಓದಿ ನೋಡಿ, ಮುದ್ರೆ ಮಸುಕಾಗಿ ಸ್ಕ್ಯಾನಿನಲ್ಲಿ ಮಾಯವಾಗಿದ್ದರೆ ಮತ್ತೆ ಸ್ಕ್ಯಾನ್ ಮಾಡಿ. ತಿಳಿದೂ ಸುಳ್ಳು ಬರೆದರೆ ಶಿಕ್ಷೆ ಹಗುರವಲ್ಲ: 1,000 ಡಾಲರ್‌ವರೆಗೆ ದಂಡ, 1ರಿಂದ 5 ವರ್ಷ ಸೆರೆ, ಅಥವಾ ಎರಡೂ. ಅಪರಾಧ ಸಾಬೀತಾದ ಮೇಲೆ 12 ತಿಂಗಳು ಯಾವುದೇ ಸಾರ್ವಜನಿಕ ಗುತ್ತಿಗೆಗೆ ಬಿಡ್ ಹಾಕುವಂತಿಲ್ಲ.

ಕೆಲಸದ ಒಂದು ಭಾಗವನ್ನು ಬೇರೆಯವರಿಗೆ ವಹಿಸಿದರೆ ಅವರಿಂದ ಉಪಗುತ್ತಿಗೆದಾರರ ಅಫಿಡವಿಟ್, ಅವರ ಕೆಳಗೂ ಒಬ್ಬರಿದ್ದರೆ ಅವರಿಂದ ಮೂರನೆಯ ನಮೂನೆ. ಮೂರೂ ನೋಡಲು ಒಂದೇ ಥರ, ಒಳಗಿನ ಸಾಲು ಬೇರೆ. ತಪ್ಪು ನಮೂನೆ ತುಂಬುವುದು ಸಾಮಾನ್ಯ. ಕರಾರಾದ 5 ಕೆಲಸದ ದಿನಗಳಲ್ಲಿ ಉಪಗುತ್ತಿಗೆದಾರರು ನಿಮಗೆ ಕೊಡಬೇಕು, ನಿಮ್ಮ ಕೈಗೆ ಬಂದ 5 ಕೆಲಸದ ದಿನಗಳಲ್ಲಿ ನೀವು ಯೂನಿವರ್ಸಿಟಿಗೆ ತಲುಪಿಸಬೇಕು. ಕೈಗೆ ಬಂದ ದಿನವನ್ನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು.

ಗುತ್ತಿಗೆ ಸಿಕ್ಕಿತು, ಹೊಸಬರು ಸೇರುತ್ತಾರೆ. ಅಫಿಡವಿಟ್ಟಿನಲ್ಲಿ ಕೊಟ್ಟ ಮಾತನ್ನು ಕರಾರು ಮುಗಿಯುವವರೆಗೆ ನಡೆಸುವುದು ಇಲ್ಲಿಂದ. ನೌಕರರ ಗುರುತು, ಕೆಲಸದ ಹಕ್ಕು ದಾಖಲಿಸುವ ಐ-9 ಫಾರಂನ ಮೊದಲ ಭಾಗವನ್ನು ನೌಕರರು ಕೆಲಸದ ಮೊದಲ ದಿನದೊಳಗೆ ತುಂಬಿ ಸಹಿ ಮಾಡಬೇಕು. ಎರಡನೆಯ ಭಾಗವೂ ಇ-ವೆರಿಫೈ ಕೇಸೂ ಆಮೇಲಿನ 3 ಕೆಲಸದ ದಿನಗಳಲ್ಲಿ: ಸೋಮವಾರ ಸೇರಿದರೆ ಗುರುವಾರಕ್ಕೆ ಗಡುವು. ಕೆಲಸ ಕೊಡುವುದು ಖಚಿತವಾಗಿ ಅವರು ಒಪ್ಪುವ ಮೊದಲು ಕೇಸ್ ತೆರೆಯುವಂತಿಲ್ಲ. ಸಂದರ್ಶನಕ್ಕೆ ಬಂದವರನ್ನು ಸೋಸಲು ಇದನ್ನು ಬಳಸುವುದು ನಿಷಿದ್ಧ. ಹೊಸದಾಗಿ ದೇಶಕ್ಕೆ ಬಂದವರಿಗೆ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಇನ್ನೂ ಬಂದಿರದಿದ್ದರೆ ಐ-9 ಹೊತ್ತಿಗೆ ಸರಿಯಾಗಿ ಮುಗಿಸಿ, ಕಾರಣ ಬರೆದಿಟ್ಟು, ಸಂಖ್ಯೆ ಬಂದ ಮೇಲೆ ಕೇಸ್ ತೆರೆಯಬೇಕು. ಅಲ್ಲಿಯವರೆಗೆ ಅವರು ಕೆಲಸ ಮಾಡಬಹುದು.

ಯಾವ ದಾಖಲೆ ತೋರಿಸಬೇಕು ಎಂಬುದು ನೌಕರರ ಆಯ್ಕೆ. "ಗ್ರೀನ್ ಕಾರ್ಡ್ ತನ್ನಿ" ಎಂದು ಮಾಲೀಕರು ಕೇಳುವುದೇ ತಾರತಮ್ಯದ ದೂರಿಗೆ ಕಾರಣವಾಗುತ್ತದೆ. ಐ-9ರ ಜೊತೆಗಿರುವ ದಾಖಲೆಗಳ ಪಟ್ಟಿ ಮುಂದಿಟ್ಟು ಸುಮ್ಮನಿರಿ. ಗುರುತು, ಕೆಲಸದ ಹಕ್ಕು ಎರಡನ್ನೂ ತೋರಿಸುವ ಎ ಪಟ್ಟಿಯದೊಂದು, ಇಲ್ಲವೇ ಗುರುತಿಗೆ ಬಿ ಪಟ್ಟಿಯದೊಂದು, ಕೆಲಸದ ಹಕ್ಕಿಗೆ ಸಿ ಪಟ್ಟಿಯದೊಂದು. ಇ-ವೆರಿಫೈ ಬಳಸುವವರಿಗೆ ಬಿ ಪಟ್ಟಿಯ ದಾಖಲೆಯಲ್ಲಿ ಫೋಟೊ ಇರಲೇಬೇಕು. ನಮ್ಮ ಕಡೆಯಿಂದ ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವರು ಲೈಸೆನ್ಸ್ ಜೊತೆ ಸೋಶಿಯಲ್ ಸೆಕ್ಯೂರಿಟಿ ಕಾರ್ಡ್ ಕೊಡುವುದು ರೂಢಿ. ಆ ಕಾರ್ಡನ್ನು ಕೈಯಲ್ಲಿ ಹಿಡಿದು ಹೆಸರಿನ ಮೇಲಿನ ಸಾಲು ಓದಿ. ಹೋಮ್‌ಲ್ಯಾಂಡ್ ಸೆಕ್ಯೂರಿಟಿಯ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ ಎಂದು ಅಚ್ಚಾಗಿದ್ದರೆ ಸಿ ಪಟ್ಟಿಗೆ ಅದು ನಡೆಯದು. ಅವರು ಭಾರತದ ಪಾಸ್‌ಪೋರ್ಟ್ ಮತ್ತು ಅಮೆರಿಕ ಪ್ರವೇಶದ ದಾಖಲೆಯಾದ ಐ-94 ಎರಡನ್ನೂ ಸೇರಿಸಿ ಎ ಪಟ್ಟಿಯ ದಾಖಲೆಯಾಗಿ ತೋರಿಸಬಹುದು. ಇನ್ನೊಂದು ಕಂಪನಿಯಿಂದ ನಿಮ್ಮಲ್ಲಿಗೆ ಎಚ್-1ಬಿ ವರ್ಗಾವಣೆಯಾಗಿ, ಅರ್ಜಿ ಇನ್ನೂ ಬಾಕಿ ಇದ್ದರೆ, ಅರ್ಜಿ ಸ್ವೀಕರಿಸಿದ ಐ-797 ನೋಟಿಸನ್ನೂ ಇಟ್ಟುಕೊಂಡು, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ "ಎಸಿ-21" ಎಂದೂ ಅರ್ಜಿ ಸಲ್ಲಿಸಿದ ದಿನಾಂಕವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು.

ಹೆಸರಿನ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಊರು, ತಂದೆ, ತಾನು ಎಂದು ಇನಿಷಿಯಲ್ ಹಾಕಿಕೊಳ್ಳುವ ನಮ್ಮ ಪದ್ಧತಿ ಅಮೆರಿಕದ ಫಾರಂಗಳ ಎರಡು ಚೌಕದೊಳಗೆ ಸಲೀಸಾಗಿ ಕೂರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದವರ ವೀಸಾದಲ್ಲಿ ಇಡೀ ಹೆಸರು ಮನೆತನದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ಸೋಶಿಯಲ್ ಸೆಕ್ಯೂರಿಟಿಯಲ್ಲಿ ಒಂದು ಥರ, ಲೈಸೆನ್ಸಿನಲ್ಲಿ ಇನ್ನೊಂದು ಥರ ಆಗಿರುತ್ತದೆ. ಒಂದೇ ಹೆಸರಿರುವವರು ಐ-9ರಲ್ಲಿ ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಬರೆದು, ಮೊದಲ ಹೆಸರಿನ ಜಾಗದಲ್ಲಿ "ಅನ್‌ನೋನ್" ಎಂದು ಇಂಗ್ಲಿಷಿನಲ್ಲಿ ಬರೆಯಬೇಕು ಎಂಬುದು ಫಾರಂನದೇ ಸೂಚನೆ. ಕೇಸ್ ಕಳಿಸುವ ಮುನ್ನ ಐ-9, ತೋರಿಸಿದ ದಾಖಲೆ, ಪರದೆ ಮೂರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಜನ್ಮದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಊರಿನ ಅಭ್ಯಾಸದಲ್ಲಿ ಬರೆದ 05/08 ಅಲ್ಲಿ ಮೇ ಎಂಟಾಗುತ್ತದೆ.

ಹೊಂದದಿದ್ದರೆ ಪರದೆಯ ಮೇಲೆ "ಮಿಸ್‌ಮ್ಯಾಚ್" ಬರುತ್ತದೆ. ಈ ಮನುಷ್ಯನಿಗೆ ಕೆಲಸದ ಹಕ್ಕಿಲ್ಲ ಎಂದು ಅದರ ಅರ್ಥವಲ್ಲ. ಎರಡು ದಾಖಲೆಗಳ ನಡುವೆ ತಾಳೆಯಾಗಿಲ್ಲ, ಅಷ್ಟೇ. ಅಮೆರಿಕದ ಪೌರತ್ವ ಪಡೆದ ಮೇಲೆ ಸೋಶಿಯಲ್ ಸೆಕ್ಯೂರಿಟಿ ಕಚೇರಿಗೆ ತಿಳಿಸದವರಿಗೂ, ಮದುವೆಯಾಗಿ ಹೆಸರು ಬದಲಾದವರಿಗೂ ಹೀಗಾಗುತ್ತದೆ. ಆಗ ಮಾಲೀಕರು ಮಾಡಬೇಕಾದ್ದು: ಮುಂದಿನ ಕ್ರಮದ ನೋಟಿಸನ್ನು ಮುದ್ರಿಸಿ, ಆ ನೌಕರರನ್ನು ಬೇರೆಯಾಗಿ ಕರೆದು, ಬಾಗಿಲು ಮುಚ್ಚಿ ವಿವರಿಸುವುದು. ಸೈಟಿನಲ್ಲಿ ಎಲ್ಲರ ಮುಂದೆ ಕೂಗಿ ಹೇಳುವಂಥದ್ದಲ್ಲ. ನೋಟಿಸಿನ ಮೇಲಿನ ಹೆಸರು, ಜನ್ಮದಿನ ಸರಿಯಿದೆಯೇ ಎಂದು ಅವರೇ ಓದಿ ನೋಡಲಿ; ಟೈಪ್ ಮಾಡುವಾಗ ಆದ ತಪ್ಪಿದ್ದರೆ ಇಲ್ಲೇ ಸಿಗುತ್ತದೆ, ಆ ಕೇಸ್ ಮುಚ್ಚಿ ಸರಿಯಾದದ್ದನ್ನು ತೆರೆಯಬಹುದು. ಸರಿಪಡಿಸಿಕೊಳ್ಳುತ್ತೇನೆ ಎಂದೋ ಇಲ್ಲ ಎಂದೋ ಅವರು ಗುರುತು ಹಾಕಿ ಸಹಿ ಮಾಡಬೇಕು. ಇಷ್ಟಕ್ಕೆ ಕೇಂದ್ರ ಸರ್ಕಾರದ 10 ಕೆಲಸದ ದಿನ. ಸರಿಪಡಿಸಿಕೊಳ್ಳುತ್ತೇನೆ ಎಂದವರ ಕೇಸನ್ನು ಮುಂದಕ್ಕೆ ಕಳಿಸಿದ ಮೇಲೆ ಅವರು 8 ಕೆಲಸದ ದಿನಗಳೊಳಗೆ ಸೋಶಿಯಲ್ ಸೆಕ್ಯೂರಿಟಿ ಕಚೇರಿಗೆ ಹೋಗಬೇಕು ಅಥವಾ ಹೋಮ್‌ಲ್ಯಾಂಡ್ ಸೆಕ್ಯೂರಿಟಿಯನ್ನು ಸಂಪರ್ಕಿಸಬೇಕು. ಯಾವುದು ಎಂದು ನೋಟಿಸಿನಲ್ಲೇ ಇರುತ್ತದೆ. ಶನಿವಾರ, ಭಾನುವಾರ, ಕೇಂದ್ರದ ರಜೆ ಲೆಕ್ಕಕ್ಕಿಲ್ಲ.

ಕೇಸ್ ಇತ್ಯರ್ಥವಾಗುವವರೆಗೆ ಅವರನ್ನು ತೆಗೆಯುವಂತಿಲ್ಲ, ಸಂಬಳ ಕಡಿತ ಮಾಡುವಂತಿಲ್ಲ, ತರಬೇತಿ ಮುಂದೂಡುವಂತಿಲ್ಲ, "ಕ್ಲಿಯರ್ ಆದ ಮೇಲೆ ಬನ್ನಿ" ಎಂದು ಮನೆಗೆ ಕಳಿಸುವಂತಿಲ್ಲ. ಯೂನಿವರ್ಸಿಟಿ ಸೈಟಿನಿಂದ ಹಿಂದಕ್ಕೆ ಕರೆಸಿಕೊಳ್ಳುವುದೂ ತಪ್ಪು. ಗುತ್ತಿಗೆ ಕೈತಪ್ಪೀತು ಎಂಬ ಹೆದರಿಕೆಯಲ್ಲಿ ಮಾಲೀಕರು ಆತುರ ಪಡುವುದು ಇಲ್ಲೇ, ಆ ಆತುರಕ್ಕೆ ಒಬ್ಬರ ಅನ್ನ ಹೋಗುತ್ತದೆ. ನೌಕರರಾಗಿ ಈ ಜಾಗದಲ್ಲಿ ನಿಂತವರು ಸಹಿಯಾದ ನೋಟಿಸಿನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಕಚೇರಿಗೆ ಹೋಗುವಾಗ ಅದನ್ನೂ ಮೂಲ ದಾಖಲೆಗಳನ್ನೂ ಒಯ್ಯಿರಿ.

ನೋಂದಣಿಯಾದ ಕಂಪನಿಗೆ ಒಂದು ಅನುಕೂಲವೂ ಇದೆ: ಎಫ್-1 ವೀಸಾದ ವಿದ್ಯಾರ್ಥಿಗಳಿಗೆ 24 ತಿಂಗಳ ಸ್ಟೆಮ್ ಒಪಿಟಿ ವಿಸ್ತರಣೆ (ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಓದಿನ ನಂತರದ ಕೆಲಸದ ಅನುಮತಿಯ ವಿಸ್ತರಣೆ) ಸಿಗಬೇಕಾದರೆ ಕೆಲಸ ಕೊಡುವವರು ಇ-ವೆರಿಫೈನಲ್ಲಿ ಇರಲೇಬೇಕು. ದೂರದಲ್ಲಿರುವ ನೌಕರರ ದಾಖಲೆಗಳನ್ನು ವಿಡಿಯೊ ಕರೆಯಲ್ಲಿ ನೋಡುವ ಸೌಲಭ್ಯವೂ 2023ರ ಆಗಸ್ಟ್ 1ರಿಂದ ಇ-ವೆರಿಫೈ ಮಾಲೀಕರಿಗೆ ಮಾತ್ರ. ಹಾಗೆ ನೋಡಿದಾಗ ದಾಖಲೆಗಳ ಎರಡೂ ಬದಿಯ ಪ್ರತಿ ಇಟ್ಟುಕೊಂಡು, ಐ-9ರಲ್ಲಿ ಅದಕ್ಕಿರುವ ಚೌಕಕ್ಕೆ ಗುರುತು ಹಾಕಬೇಕು.

ಯೂನಿವರ್ಸಿಟಿ ನಿಮ್ಮ ಅಫಿಡವಿಟ್ಟನ್ನು 5 ವರ್ಷ ಇಟ್ಟುಕೊಳ್ಳುತ್ತದೆ, ಕರಾರಾದ ಮೇಲೆ ಅದು ಯಾರು ಬೇಕಾದರೂ ಕೇಳಿ ನೋಡಬಹುದಾದ ಸಾರ್ವಜನಿಕ ದಾಖಲೆ. ಸಾರ್ವಜನಿಕ ಸಂಸ್ಥೆಗಳು ಡಿಸೆಂಬರ್ 31ರೊಳಗೆ ರಾಜ್ಯದ ಲೆಕ್ಕ ಪರಿಶೋಧಕರಿಗೆ ವಾರ್ಷಿಕ ವರದಿ ಕೊಡಬೇಕಾಗಿರುವುದರಿಂದ ವರ್ಷದ ಕೊನೆಗೆ ಖರೀದಿ ವಿಭಾಗದಿಂದ ಇದೇ ಸಂಖ್ಯೆ, ಇದೇ ದಿನಾಂಕ ಮತ್ತೆ ಕೇಳಿ ಇಮೇಲ್ ಬಂದರೆ ಗಾಬರಿಯಾಗಬೇಡಿ. ಎಂಒಯುವಿನ ಮೊದಲ ಪುಟವನ್ನೂ ಸಹಿ ಪುಟವನ್ನೂ ಒಂದೇ ಪಿಡಿಎಫ್ ಮಾಡಿಟ್ಟಿದ್ದರೆ ಎರಡು ನಿಮಿಷದ ಕೆಲಸ.

ನಿಮ್ಮ ಕಪಾಟಿನಲ್ಲಿ ಐ-9ಗಳು, ಪ್ರತಿಯೊಂದರ ಮೇಲೂ ಅದರ ಇ-ವೆರಿಫೈ ಕೇಸ್ ಸಂಖ್ಯೆ. ಕೆಲಸ ಬಿಟ್ಟವರದನ್ನು ಸೇರಿದ ದಿನದಿಂದ 3 ವರ್ಷ ಅಥವಾ ಬಿಟ್ಟ ದಿನದಿಂದ 1 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು. 2024ರ ಆಗಸ್ಟ್ 1ರಂದು ಸೇರಿ 2025ರ ಫೆಬ್ರವರಿಯಲ್ಲಿ ಬಿಟ್ಟವರ ಫಾರಂ 2027ರ ಆಗಸ್ಟ್ 1ರವರೆಗೆ ಇರಲಿ. ಅದೇ ದಿನ ಸೇರಿ 2028ರ ಜೂನ್‌ನಲ್ಲಿ ಬಿಟ್ಟವರದು 2029ರ ಜೂನ್‌ವರೆಗೆ. ಈ ತೆಗೆಯುವ ದಿನಾಂಕವನ್ನು ಅವರು ಕೆಲಸ ಬಿಟ್ಟ ದಿನವೇ ಲೆಕ್ಕ ಹಾಕಿ ಫೈಲಿನ ಮೇಲೆ ಬರೆಯಿರಿ.